ಮನೆ ಡಾರ್ಕ್ ರೂಮಿನ ಧೂಳಿಗೆ ಏನು ಮಾಡ್ತೀರಿ?

ಪ್ರಶ್ನೆ, ದಾವಣಗೆರೆಯಿಂದ:
ಮಹಡಿ ಮೇಲಿನ ಸಣ್ಣ ಕೋಣೆಯನ್ನೇ ಫಿಲ್ಮ್ ತೊಳೆದು ಫೋಟೋ ಪ್ರಿಂಟ್ ಮಾಡುವ ಡಾರ್ಕ್ ರೂಮ್ ಮಾಡಿಕೊಂಡಿದ್ದೇನೆ. ಹತ್ತಿರದಲ್ಲೇ ಮಂಡಕ್ಕಿ ಭಟ್ಟಿಗಳಿವೆ. ಕಿಟಕಿ ಮುಚ್ಚಿದರೂ ಬೂದಿ, ಧೂಳು ಬಂದೇ ಬರುತ್ತದೆ. 35 ಎಂಎಂ ಕಪ್ಪು-ಬಿಳುಪು ನೆಗೆಟಿವ್‌ನಿಂದ 8×10 ಇಂಚಿನ ಪ್ರಿಂಟ್ ತೆಗೆದರೆ ಆಕಾಶದ ತುಂಬ ಬಿಳಿ ಚುಕ್ಕೆ. ಅನುಭವ ಇರುವವರು ತಿಳಿಸಿ.

ಉತ್ತರ, ನಿಟ್ಟುವಳ್ಳಿಯಿಂದ:
ಸರ್, ಚುಕ್ಕೆ ಬಿಳಿಯಾಗಿರುವುದು ಒಳ್ಳೆಯದೇ. ನೆಗೆಟಿವ್ ಮೇಲಿನ ಧೂಳು ಬೆಳಕನ್ನು ತಡೆದಿದೆ, ಅಷ್ಟು ಜಾಗ ಪೇಪರ್ ಬೆಳ್ಳಗೆ ಉಳಿದಿದೆ. ಇದನ್ನು ಸರಿ ಮಾಡಬಹುದು. ಕರಿ ಚುಕ್ಕೆಯಾದರೆ ಕಷ್ಟ. ಸಾಮಾನ್ಯವಾಗಿ ಫೋಟೋ ತೆಗೆಯುವಾಗಲೇ ಕ್ಯಾಮೆರಾದೊಳಗೆ ಫಿಲ್ಮ್ ಮೇಲೆ ಧೂಳು ಕೂತಿತ್ತು ಅಂತ ಅದರ ಅರ್ಥ. 35 ಎಂಎಂನಿಂದ 8×10 ಅಂದರೆ ಚಿತ್ರ ಎಂಟು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಧೂಳೂ ಅಷ್ಟೇ ಹಿಗ್ಗುತ್ತದೆ ಅಲ್ವಾ?

ಇಡೀ ರೂಮಿನ ಧೂಳು ಓಡಿಸಲು ಹೋಗಬೇಡಿ, ನಮ್ಮೂರಲ್ಲಿ ಅದು ಆಗುವ ಮಾತಲ್ಲ. ಫಿಲ್ಮ್ ಒಣಗುವ ಹೊತ್ತು, ನೆಗೆಟಿವನ್ನು ಕ್ಯಾರಿಯರ್‌ಗೆ (ಚಿತ್ರ ಹಿಗ್ಗಿಸಿ ಪೇಪರ್ ಮೇಲೆ ಬೀಳಿಸುವ ಎನ್‌ಲಾರ್ಜರ್‌ನಲ್ಲಿ ಅದನ್ನು ಹಿಡಿದಿಡುವ ಚೌಕಟ್ಟಿಗೆ) ಹಾಕುವ ಹೊತ್ತು, ಇವೆರಡನ್ನು ಕಾಯ್ದುಕೊಳ್ಳಿ.

ಒದ್ದೆ ಫಿಲ್ಮ್‌ನ ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪ, ಮೆತ್ತಗಿರುತ್ತದೆ. ಆಗ ಕೂತ ಧೂಳು ಅದರಲ್ಲೇ ಹೂತುಕೊಳ್ಳುತ್ತದೆ, ಆಮೇಲೆ ಬ್ರಷ್‌ಗೂ ಬಗ್ಗುವುದಿಲ್ಲ. ಅದಕ್ಕೇ ನಾನು ಬಚ್ಚಲುಮನೆಯಲ್ಲಿ ಒಣಗಿಸುತ್ತೇನೆ. ಮೊದಲು ಬಿಸಿನೀರು ಬಿಟ್ಟು ಹಬೆ ತುಂಬಿಸಿ ಬಾಗಿಲು ಹಾಕುತ್ತೇನೆ. ಗಾಳಿಯಲ್ಲಿದ್ದ ಧೂಳು ಕೆಳಗಿಳಿಯುತ್ತದೆ. ಆಮೇಲೆ ಫಿಲ್ಮ್ ನೇತು ಹಾಕಿ, ಕೆಳತುದಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ, ಬೆಳಗಿನವರೆಗೆ ಆ ಕಡೆ ಯಾರೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರ್, ನೀರು ಹನಿಗಟ್ಟದೆ ಜಾರಿಹೋಗಲು ಲೀಟರಿಗೆ 5 ಮಿಲಿ ಕೊಡಾಕ್ ಫೋಟೋ-ಫ್ಲೋ 200. ಬೋರ್‌ವೆಲ್ ನೀರಿನ ಉಪ್ಪು ಒಣಗಿದ ಕಲೆಯನ್ನೇ ಎಷ್ಟೋ ಜನ ಧೂಳು ಅಂದುಕೊಳ್ಳುತ್ತಾರೆ. ಒಣಗಿದ ಕೂಡಲೇ ಕತ್ತರಿಸಿ ಬಟರ್ ಪೇಪರ್ ಕವರಿಗೆ ಹಾಕಿ. ಈಗಾಗಲೇ ಹೂತುಕೊಂಡಿದ್ದರೆ ಆ ತುಂಡನ್ನು ಮತ್ತೆ ನೀರಲ್ಲಿ ನೆನೆಸಿ, ತೊಳೆದು ಒಣಗಿಸಿ. ಬಹಳಷ್ಟು ಸಲ ಬಿಟ್ಟು ಹೋಗುತ್ತದೆ.

ಪ್ರಿಂಟ್ ಮಾಡುವಾಗ ಹೀಗೆ ನೋಡಿ. ಪೇಪರ್ ಡಬ್ಬಿ ಮುಚ್ಚಿ ಎನ್‌ಲಾರ್ಜರ್ ದೀಪ ಹಾಕಿ. ನೆಗೆಟಿವ್ ಕ್ಯಾರಿಯರನ್ನು ಅರ್ಧ ಹೊರಗೆಳೆದು, ಬೀಳುವ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಣ್ಣಿಗೆ ಕಾಣದಿದ್ದ ಕೂದಲೆಳೆ, ಬೂದಿಕಣ ಎಲ್ಲವೂ ಮಿಣಮಿಣ ಹೊಳೆಯುತ್ತವೆ. ರಬ್ಬರ್ ಬ್ಲೋವರ್‌ನಿಂದ ಊದಿ, ಹೋಗದಿದ್ದರೆ ಮೆತ್ತನೆ ಬ್ರಷ್‌ನಿಂದ ಒಮ್ಮೆ ಸವರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಸುಮ್ನೆ ಉಜ್ಜುತ್ತಲೂ ಇರಬೇಡಿ. ಉಜ್ಜಿದಷ್ಟೂ ಸ್ಟಾಟಿಕ್ ಹುಟ್ಟಿ ಧೂಳನ್ನು ಇನ್ನೂ ಎಳೆಯುತ್ತದೆ, ಚಳಿಗಾಲದ ಒಣ ಹವೆಯಲ್ಲಂತೂ ಕೇಳಲೇಬೇಡಿ. ಗಾಜಿನ ಕ್ಯಾರಿಯರ್ ಇದ್ದರೆ ಗಾಜಿಲ್ಲದ್ದಕ್ಕೆ ಬದಲಿಸಿ. ಎರಡು ಗಾಜು ಅಂದರೆ ಧೂಳು ಕೂರಲು ಇನ್ನೂ ನಾಲ್ಕು ಮೈ.

ಕಸಬರಿಗೆ ಡಾರ್ಕ್ ರೂಮಿಗೆ ಬೇಡವೇ ಬೇಡ. ಹಿಂದಿನ ದಿನವೇ ಒದ್ದೆ ಬಟ್ಟೆಯಿಂದ ಒರೆಸಿಡಿ.

ಉತ್ತರ, ಚಿತ್ರದುರ್ಗದಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ರೂಮನ್ನು ಪೂರ್ತಿ ಕೈಬಿಡಬೇಕಿಲ್ಲ ಅಣ್ಣಾ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು ನಮ್ಮದು, ಆಷಾಢದಲ್ಲಿ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ಲ. ನಿಮ್ಮಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದರ ಕಡೆ ನೋಡಿ. ಅದು ಗಾಳಿಯನ್ನು ಹೊರಗೆಳೆದಷ್ಟೂ ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಧೂಳಿನ ಗಾಳಿ ಒಳಗೆ ನುಗ್ಗುತ್ತದೆ. ನಾನು ಫ್ಯಾನನ್ನೇ ತಿರುಗಿಸಿ ಕೂರಿಸಿ, ಹೊರಬದಿಗೆ ಏಸಿ ಫಿಲ್ಟರ್ ಶೀಟ್ ಹಾಕಿದ್ದೇನೆ. ಈಗ ಗಾಳಿ ಸೋಸಿಕೊಂಡು ಒಳಗೆ ಬರುತ್ತದೆ, ಸಂದಿಗಳಿಂದ ಹೊರಗೆ ಹೋಗುತ್ತದೆ. ಬೆಳಕು ನುಸುಳದಂತೆ ಫ್ಯಾನಿನ ಮುಂದೆ ಒಳಗೆಲ್ಲ ಕಪ್ಪು ಬಳಿದ ಡೊಂಕು ತಗಡಿನ ಪೆಟ್ಟಿಗೆ ಬೇಕಾಗುತ್ತದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದರೆ ತೆಗೆದು ರೆಕ್ಸಿನ್ ಹಾಕಿ. ಬಟ್ಟೆಯಿಂದಲೇ ಎಳೆ ಉದುರುತ್ತದೆ.

ಉತ್ತರ, ಹರಿಹರದಿಂದ:
ಹೈಪೋ (ಮೂಡಿದ ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್) ಪುಡಿಯನ್ನು ರೂಮಿನೊಳಗೆ ಕಲಸುತ್ತೀರಾ? ಹಾಗಿದ್ದರೆ ಇಂದೇ ನಿಲ್ಲಿಸಿ, ಹೊರಗೆ ಕಲಸಿ ತನ್ನಿ. ಚೆಲ್ಲಿದ ಹೈಪೋ ಒಣಗಿ ಪುಡಿಯಾಗಿ ಹಾರುತ್ತದೆ. ಚಿತ್ರ ಮೂಡಿಸುವ ಡೆವಲಪರ್‌ಗೆ ಹಾಕುವ ಮೊದಲೇ ಪೇಪರ್ ಮೇಲೆ ಬಿದ್ದರೆ ಅಲ್ಲೂ ಬಿಳಿ ಚುಕ್ಕೆಯೇ. ಕ್ಯಾರಿಯರ್ ಮುಟ್ಟದೆ ಒಂದೇ ನೆಗೆಟಿವ್‌ನಿಂದ ಎರಡು ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಚುಕ್ಕೆ ಅದೇ ಜಾಗದಲ್ಲಿದ್ದರೆ ನೆಗೆಟಿವ್‌ನದು. ಜಾಗ ಬದಲಾಗಿದ್ದರೆ ಪೇಪರ್‌ನದು, ಆಗ ಮೊದಲು ಟೇಬಲ್ ಒರೆಸಿ.