ಸಹಾಯ ಬೇಕು: ಎರಡು ಮೀನುಗಳ ವಂಶದೂರದ ಲೆಕ್ಕದಲ್ಲಿ ಒಂದು ತೊಡಕು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು, ಪ್ರಾಣಿಶಾಸ್ತ್ರದ ವಿದ್ಯಾರ್ಥಿ. ಮುನಿರಾಬಾದಿನ ಹತ್ತಿರ ತುಂಗಭದ್ರಾ ಹಿನ್ನೀರಿನಲ್ಲಿ ಬೆಸ್ತರು ಹಿಡಿದ ಎರಡು ಜಾತಿಯ ಮೀನುಗಳ ಸಿಒಐ ಜೀನನ್ನು (ಜಾತಿ ಗುರುತಿಸಲು ಬಳಸುವ ಮೈಟೊಕಾಂಡ್ರಿಯದ ಜೀನು) ಹೋಲಿಸಿದಾಗ ಡಿಎನ್ಎಯ 650 ಸ್ಥಾನಗಳಲ್ಲಿ 78 ಬೇರೆಯಾಗಿದ್ದವು, ಅಂದರೆ ಶೇ. 12. ಒಂದೇ ಸ್ಥಾನ ಎರಡು ಬಾರಿ ಬದಲಾಗಿದ್ದರೂ ನಮಗೆ ಒಂದೇ ವ್ಯತ್ಯಾಸ ಕಾಣುವುದರಿಂದ (ಕೆಲವೊಮ್ಮೆ ಅದೂ ಕಾಣದು) ಈ ಅಂಕಿಯನ್ನು ತಿದ್ದಲೇಬೇಕು. 1969ರ ಜೂಕ್ಸ್–ಕ್ಯಾಂಟರ್ ಸೂತ್ರದಿಂದ ವಂಶದೂರ (ಪ್ರತಿ ಸ್ಥಾನಕ್ಕೆ ಸರಾಸರಿ ಎಷ್ಟು ಬದಲಾವಣೆ ಆಗಿದೆ ಎಂಬ ಅಂದಾಜು) 0.131 ಬಂತು, ಡಿಎನ್ಎ ಅಕ್ಷರಗಳಾದ ಎ–ಜಿ, ಸಿ–ಟಿ ನಡುವಿನ 65 ಅದಲುಬದಲುಗಳನ್ನು ಉಳಿದ 13ರಿಂದ ಬೇರ್ಪಡಿಸಿ ಎಣಿಸುವ ಕಿಮುರಾ ಅವರ 1980ರ ಸೂತ್ರದಿಂದ 0.134. ಇಲ್ಲಿಯವರೆಗೆ ತಕರಾರಿಲ್ಲ.

ಆದರೆ 78ರಲ್ಲಿ 71 ವ್ಯತ್ಯಾಸಗಳು ಕೋಡಾನಿನ (ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರದ ಗುಂಪು) ಮೂರನೆಯ ಅಕ್ಷರದಲ್ಲೇ ಇವೆ. ಅಲ್ಲಿ ಅಕ್ಷರ ಬದಲಾದರೂ ಅಮೈನೊ ಆಮ್ಲ ಬಹುತೇಕ ಬದಲಾಗುವುದಿಲ್ಲ. ಎಲ್ಲ ಸ್ಥಾನಗಳೂ ಒಂದೇ ವೇಗದಲ್ಲಿ ಬದಲಾಗುತ್ತವೆ ಎಂಬ ಊಹೆಯೇ ಇಲ್ಲಿ ಕುಸಿಯುತ್ತದೆ. ಮೂರನೆಯ ಅಕ್ಷರದ ಒಟ್ಟು 216 ಸ್ಥಾನಗಳನ್ನೂ ಉಳಿದ 434ನ್ನೂ ಜೂಕ್ಸ್–ಕ್ಯಾಂಟರ್ ಸೂತ್ರಕ್ಕೆ ಪ್ರತ್ಯೇಕವಾಗಿ ಹಾಕಿ, ಸ್ಥಾನಗಳ ಸಂಖ್ಯೆಗೆ ತಕ್ಕಂತೆ ಸರಾಸರಿ ತೆಗೆದರೆ 0.155 ಬರುತ್ತದೆ. ಸೂತ್ರ ಬದಲಿಸಿದ್ದಕ್ಕಿಂತ ಸ್ಥಾನಗಳನ್ನು ವಿಂಗಡಿಸಿದ್ದೇ ಹೆಚ್ಚು ವ್ಯತ್ಯಾಸ ಮಾಡಿತು, ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಹೀಗೆ ವಿಂಗಡಿಸುವುದು ಸರಿಯೋ, ಅಥವಾ ವೇಗದ ಏರುಪೇರಿಗೆ ಗಾಮಾ ಹಂಚಿಕೆ (ಸ್ಥಾನದಿಂದ ಸ್ಥಾನಕ್ಕೆ ವೇಗ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಸಂಖ್ಯಾಶಾಸ್ತ್ರದ ಮಾದರಿ) ಬಳಸಬೇಕೋ? ಬಳಸುವುದಾದರೆ, ಕೇವಲ ಎರಡು ಅನುಕ್ರಮಗಳಿಂದ ಅದರ ಆಕಾರಾಂಕವನ್ನು (ಏರುಪೇರು ಎಷ್ಟು ಎಂದು ಹೇಳುವ ಅಂಕಿ) ನಂಬುವಂತೆ ಅಂದಾಜಿಸಲು ಸಾಧ್ಯವೇ, ಇನ್ನಷ್ಟು ಜಾತಿಗಳನ್ನು ಸೇರಿಸಲೇಬೇಕೇ? ಈ ಲೆಕ್ಕಗಳನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ.