ಓದುಗರ ಸ್ಪಂದನ: ಎಷ್ಟು ಟೆಸ್ಟ್ ಬರೆದರೂ ಸ್ಕೋರ್ ಏರುತ್ತಿಲ್ಲ

(ಕಳೆದ ಸಂಚಿಕೆಯ ಸಮಸ್ಯೆ: ಅಮೆರಿಕದಲ್ಲಿರುವ ತಾಯಿಯೊಬ್ಬರ ಮಗಳು 11ನೇ ಕ್ಲಾಸ್. ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಗೆ ವಾರಕ್ಕೊಂದು ಪ್ರಾಕ್ಟೀಸ್ ಟೆಸ್ಟ್ ಬರೆದರೂ ಸ್ಕೋರ್ 1280ರ ಆಸುಪಾಸಿನಲ್ಲೇ ಇದೆ. ಮನೆಯಲ್ಲಿ ದಿನಾ ಜಗಳ. ಇನ್ನೊಂದು ಕೋಚಿಂಗ್‌ಗೆ ಸೇರಿಸಬೇಕಾ ಎಂದು ಕೇಳಿದ್ದರು.)

ಮೊದಲು ಆ ವಾರಕ್ಕೊಂದು ಟೆಸ್ಟ್ ನಿಲ್ಲಿಸಿ. ಟೆಸ್ಟ್ ಬರೆದರೆ ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾಗುತ್ತದೆ. ಆ ತಪ್ಪಿನ ಜೊತೆ ಕೂರದೆ ಮುಂದಿನ ಟೆಸ್ಟ್‌ಗೆ ಓಡಿದರೆ ಅದೇ ಸ್ಕೋರ್ ಮತ್ತೆ ಬರುತ್ತದೆ.

ಮಗಳಿಗೆ ಒಂದು ನೋಟ್‌ಬುಕ್ ಕೊಡಿ. ತಪ್ಪಾದ ಲೆಕ್ಕವನ್ನು ಉತ್ತರ ನೋಡದೆ ಮತ್ತೆ ಮಾಡಲಿ. ಯಾಕೆ ತಪ್ಪಾಯಿತು ಅಂತ ತನ್ನದೇ ಮಾತಲ್ಲಿ ಒಂದು ಸಾಲು ಬರೆಯಲಿ. 'ಸಿಲ್ಲಿ ಮಿಸ್ಟೇಕ್' ಅಂತ ಬರೆದರೆ ಒಪ್ಪಬೇಡಿ. ನನ್ನ ಹತ್ತಿರ ಬರುತ್ತಿದ್ದ ಹುಡುಗಿಯೊಬ್ಬಳು 3x + 5 = 20 ಆದರೆ 6x ಎಷ್ಟು ಅನ್ನೋ ಪ್ರಶ್ನೆಗೆ 5 ಅಂತ ಗುರುತು ಹಾಕಿದ್ದಳು. ಸರಿಯುತ್ತರ 30. ಅವಳಿಗೆ ಬೀಜಗಣಿತ ಚೆನ್ನಾಗಿಯೇ ಬರುತ್ತಿತ್ತು. 'x ಸಿಕ್ಕಿದ ತಕ್ಷಣ ನಿಲ್ಲಿಸಿಬಿಟ್ಟೆ' ಅಂತ ಬರೆದಳು. ಅದೇ ಸಾಲು ಬೇರೆ ಬೇರೆ ಲೆಕ್ಕಗಳ ಕೆಳಗೂ ಬಂತು. ಆಮೇಲಿಂದ ಏನು ಕೇಳಿದ್ದಾರೆ ಅನ್ನೋದನ್ನ ರಫ್ ಹಾಳೆಯ ಮೇಲೆ ಮೊದಲೇ ಬರೆದುಕೊಳ್ಳುತ್ತಿದ್ದಳು.

ಇನ್ನೊಂದು ವಿಷಯ. ಈಗಿನ ಡಿಜಿಟಲ್ ಪರೀಕ್ಷೆಯಲ್ಲಿ ಪ್ರತಿ ವಿಭಾಗಕ್ಕೂ ಎರಡು ಮಾಡ್ಯೂಲ್, ಅಂದರೆ ಎರಡು ಭಾಗ. ಮೊದಲನೆಯದನ್ನು ಹೇಗೆ ಮಾಡುತ್ತಾಳೆ ಅನ್ನೋದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಅಂತ ತೀರ್ಮಾನವಾಗುತ್ತದೆ. ಸುಲಭದ್ದು ಬಂದರೆ ಸ್ಕೋರ್ ತುಂಬಾ ಮೇಲೆ ಹೋಗೋಲ್ಲ. ಹಾಗಾಗಿ ಗಣಿತದ ಮೊದಲ 22 ಪ್ರಶ್ನೆಗಳಿಗೆ ಇರುವ 35 ನಿಮಿಷದಲ್ಲಿ ಅವಸರ ಬೇಡ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬಾರದು. ಈ ಪರೀಕ್ಷೆಯದೇ ಆದ ಬ್ಲೂಬುಕ್ ಆ್ಯಪ್‌ನಲ್ಲಿರುವ ಪೂರ್ತಿ ಟೆಸ್ಟ್‌ಗಳು ಕೆಲವೇ, ಜೋಪಾನವಾಗಿ ಬಳಸಿ. ದಿನದ ಅಭ್ಯಾಸಕ್ಕೆ ಖಾನ್ ಅಕಾಡೆಮಿ ವೆಬ್‌ಸೈಟ್ ಉಚಿತವಾಗಿ ಸಿಗುತ್ತದೆ. ಇಷ್ಟನ್ನು ಮಾಡದೆ ಎರಡನೇ ಕೋಚಿಂಗ್‌ಗೆ ದುಡ್ಡು ಸುರಿಯೋದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ.
– ಗಣಿತ ಹೇಳಿಕೊಡುವ ಓದುಗರು

ಆಂಟಿ, ಮನೆಗೆ ಬಂದ ಕೂಡಲೇ 'ಇವತ್ತು ಎಷ್ಟು ಬಂತು' ಅಂತ ಕೇಳಬೇಡಿ, ಪ್ಲೀಸ್. ಆ ಪ್ರಶ್ನೆ ಬರುತ್ತೆ ಅಂತಲೇ ಪುಸ್ತಕ ತೆಗೆಯೋಕೆ ಬೇಜಾರಾಗುತ್ತೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಅವತ್ತು ಮಾತ್ರ ಈ ಮಾತು. ಮತ್ತೆ, ಒಂದೇ ದಿನ ಎಲ್ಲಾ ಮುಗಿದುಹೋಗಲ್ಲ. ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಲ್ಲಿ ಪ್ರತಿ ವಿಭಾಗದ ಒಳ್ಳೆಯ ಸ್ಕೋರ್ ಆರಿಸಿ ಕೂಡಿಸಿಕೊಳ್ಳೋ ಕಾಲೇಜುಗಳು ತುಂಬಾ ಇವೆ. ಇದನ್ನ ಅವಳಿಗೆ ಹೇಳಿ, ಅರ್ಧ ಭಯ ಹೋಗುತ್ತೆ.
– ಈಗ ಕಾಲೇಜಿನಲ್ಲಿರುವ ಹುಡುಗಿ

ಸ್ಕೋರ್ ಬಗ್ಗೆ ಇಷ್ಟು ಕೊರಗುವ ಮುಂಚೆ ಕಾಲೇಜುಗಳ ಪಟ್ಟಿ ಮಾಡಿದ್ದೀರಾ? ಒಂದೊಂದು ಕಡೆ ಒಂದೊಂದು ನಿಯಮ. ಎಂಐಟಿ 2022ರಲ್ಲಿ ಮತ್ತೆ ಟೆಸ್ಟ್ ಕಡ್ಡಾಯ ಮಾಡಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೀಟು ಕೊಡುವಾಗ ಎಸ್‌ಎಟಿ ನೋಡೋದೇ ಇಲ್ಲ. ಇನ್ನು ಕೆಲವು ಕಡೆ ಕೊಟ್ಟರೂ ಸರಿ, ಬಿಟ್ಟರೂ ಸರಿ.

ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನ ಪ್ರಬಂಧಕ್ಕೆ ಹೆಚ್ಚೆಂದರೆ 650 ಪದ. ಅದನ್ನು ಅವಳೇ ಬರೆಯಲಿ. ನಾವು ತಿದ್ದಿದರೆ ಹದಿನೇಳರ ಹುಡುಗಿಯ ದನಿ ಹೋಗಿ ನಮ್ಮ ದನಿ ಕೂರುತ್ತದೆ. ಚಟುವಟಿಕೆಗಳಿಗೆ 10 ಜಾಗ ಇರುತ್ತದೆ. ತಮ್ಮನನ್ನು ಸ್ಕೂಲಿಂದ ಕರೆತರೋದು, ಅಜ್ಜಿಯನ್ನು ನೋಡಿಕೊಳ್ಳೋದು ಕೂಡ ಅಲ್ಲಿ ಬರೆಯಬಹುದು. ನಮ್ಮ ಮಕ್ಕಳು ಇದನ್ನೆಲ್ಲ ಲೆಕ್ಕಕ್ಕೇ ಇಟ್ಟಿರೋದಿಲ್ಲ, ಅಲ್ವಾ? ಶಿಫಾರಸು ಪತ್ರಕ್ಕೆ ಟೀಚರ್‌ಗಳನ್ನು ಈ ವರ್ಷ ಸ್ಕೂಲು ಮುಗಿಯುವ ಮೊದಲೇ ಕೇಳಿಬಿಡಲಿ. ಬೇಸಿಗೆ ರಜೆ ಕಳೆದ ಮೇಲೆ ಅವರ ಹತ್ತಿರ ಪತ್ರ ಕೇಳುವವರ ಸಾಲೇ ಇರುತ್ತದೆ.
– ಮಗನನ್ನು ಕಾಲೇಜಿಗೆ ಕಳಿಸಿದ ತಾಯಿ