ಕ್ಲಾರೆನ್ಸ್ ಡ್ಯಾರೋ ಕ್ರಿಮಿನಲ್ ಲಾಯರ್ ಆಗಿದ್ದು ಹೇಗೆ? ಗೊತ್ತಿರೋರು ಹೇಳಿ

ಲಾ_ವಿದ್ಯಾರ್ಥಿ:
ಕ್ಲಾಸಲ್ಲಿ ಮರಣದಂಡನೆ ಚರ್ಚೆ ಬಂದ್ರೆ ಅಮೆರಿಕಾದ ಡಿಫೆನ್ಸ್ ಲಾಯರ್ ಕ್ಲಾರೆನ್ಸ್ ಡ್ಯಾರೋ ಹೆಸರು ಬಂದೇ ಬರತ್ತೆ. ಆದ್ರೆ ಇವ್ರು ಮೊದಲು ರೈಲ್ವೆ ಕಂಪನಿ ವಕೀಲರಾಗಿದ್ರು ಅಂತ ಓದಿ ಆಶ್ಚರ್ಯ ಆಯ್ತು. ಆ ಕೆಲಸ ಬಿಟ್ಟು ಕೊಲೆ ಕೇಸುಗಳ ಕಡೆ ಬಂದಿದ್ದು ಹೇಗೆ? ಮತ್ತೆ 1924ರ ಲಿಯೋಪೋಲ್ಡ್–ಲೋಬ್ ಕೇಸಲ್ಲಿ (ಶಿಕಾಗೋದಲ್ಲಿ ಒಬ್ಬ ಬಾಲಕನ್ನ ಅಪಹರಿಸಿ ಕೊಂದ ಕೇಸ್) ಇಬ್ಬರೂ ಹುಡುಗರು ತಪ್ಪು ಒಪ್ಕೊಂಡಿದ್ರಲ್ಲ, ಒಪ್ಕೊಂಡ ಮೇಲೆ ವಕೀಲರಿಗೆ ಏನು ಕೆಲಸ ಉಳಿಯತ್ತೆ?

ಹಳೇ_ಕಡತ:
ಹುಟ್ಟಿದ್ದು 1857ರಲ್ಲಿ, ಒಹಾಯೋ ರಾಜ್ಯದ ಹಳ್ಳಿ ಕಡೆ. ಅಪ್ಪ ಪೀಠೋಪಕರಣ ಮಾಡ್ತಿದ್ರು, ಊರಲ್ಲಿ ಯಾರಾದ್ರೂ ಸತ್ರೆ ಶವಸಂಸ್ಕಾರದ ವ್ಯವಸ್ಥೆನೂ ಅವರದ್ದೇ, ದೇವರನ್ನ ನಂಬದೇ ಇರೋ ಮನುಷ್ಯ, ಗುಲಾಮಗಿರಿ ವಿರೋಧಿ. ಮಗನಿಗೆ ಊರು ಒಂದು ಕಡೆ ಇದ್ರೆ ತಾನೊಂದು ಕಡೆ ನಿಲ್ಲೋ ಅಭ್ಯಾಸ ಅಲ್ಲಿಂದಲೇ ಬಂತು ಅನ್ಸತ್ತೆ. ಡ್ಯಾರೋ ಲಾ ಕಾಲೇಜಿಗೆ ಹೋಗಿದ್ದು ಒಂದೇ ವರ್ಷ, ಆಮೇಲೆ ವಕೀಲರ ಆಫೀಸಲ್ಲಿ ಕೆಲಸ ಕಲ್ತು 1878ರಲ್ಲಿ ವಕೀಲರಾದ್ರು. 1887ರಲ್ಲಿ ಶಿಕಾಗೋ, ಅಲ್ಲಿ ನಗರಾಡಳಿತದ ಕೆಲಸ, ನಂತರ ರೈಲ್ವೆ ಕಂಪನಿ. 1894ರಲ್ಲಿ ರೈಲ್ವೆ ಕಾರ್ಮಿಕರ ಪುಲ್‌ಮನ್ ಮುಷ್ಕರ ಆಯ್ತು, ಆಗ ಕಂಪನಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್ ಪರ ನಿಂತ್ರು. ಅದೇ ವರ್ಷ, 1893ರಲ್ಲಿ ಶಿಕಾಗೋ ಮೇಯರ್‌ನ ಕೊಂದಿದ್ದ ಪ್ರೆಂಡರ್‌ಗಾಸ್ಟ್‌ಗೆ ಬುದ್ಧಿ ಸ್ಥಿಮಿತ ಇಲ್ಲ ಅಂತ ವಾದಿಸಿ ಉಳಿಸೋಕೆ ನೋಡಿದ್ರು, ಆಗಲಿಲ್ಲ, ಅವನನ್ನ ನೇಣಿಗೆ ಹಾಕಿದ್ರು.

ಕಟಕಟೆ:
ಪೂರ್ತಿ ಕ್ರಿಮಿನಲ್ ಕಡೆ ತಿರುಗಿದ್ದು ಆಮೇಲೆ, ಅದೂ ಕೆಟ್ಟ ಕಾರಣಕ್ಕೆ. 1910ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಕಟ್ಟಡಕ್ಕೆ ಬಾಂಬ್ ಇಟ್ಟ ಆರೋಪದಲ್ಲಿ ಸಿಕ್ಕಿಬಿದ್ದ, ಕಾರ್ಮಿಕ ಯೂನಿಯನ್‌ನೋರಾದ ಮ್ಯಾಕ್‌ನಮಾರಾ ಅಣ್ಣತಮ್ಮಂದಿರ ಕೇಸ್ 1911ರಲ್ಲಿ ತಗೊಂಡ್ರು, ಆ ಅಣ್ಣತಮ್ಮಂದಿರು ತಪ್ಪು ಒಪ್ಕೊಂಡಿದ್ದಕ್ಕೆ ಯೂನಿಯನ್‌ನೋರಿಗೆ ಸಿಟ್ಟು, ಇತ್ತ ಜ್ಯೂರಿಗೆ (ತೀರ್ಪು ಹೇಳೋಕೆ ಆರಿಸಿದ ಸಾಮಾನ್ಯ ಜನ) ಲಂಚ ಕೊಡಿಸಿದ್ರು ಅಂತ ಡ್ಯಾರೋ ಮೇಲೆ ಎರಡು ಕೇಸ್ ಬಿತ್ತು. ಒಂದರಲ್ಲಿ ಖುಲಾಸೆ, ಇನ್ನೊಂದರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಯೂನಿಯನ್ ಕೇಸುಗಳು ನಿಂತೋದ್ವು, ಹೊಟ್ಟೆಪಾಡಿಗೆ ಕ್ರಿಮಿನಲ್ ಕೇಸ್ ಹಿಡಿದ್ರು. ಅವರನ್ನ ದೇವರು ಮಾಡೋರು ಈ ಭಾಗ ಬಿಟ್ಟು ಹೇಳ್ತಾರೆ, ಅದು ಸರಿಯಲ್ಲ.

ನಿಮ್ಮ ಎರಡನೇ ಪ್ರಶ್ನೆ ಚೆನ್ನಾಗಿದೆ. ಹುಡುಗರಿಗೆ 19, 18 ವಯಸ್ಸು, ಪೊಲೀಸರ ಹತ್ರ ಎಲ್ಲಾ ಒಪ್ಕೊಂಡಾಗಿತ್ತು, ಊರೆಲ್ಲ ಗಲ್ಲಿಗೆ ಹಾಕಿ ಅಂತಿತ್ತು. ಶಿಕಾಗೋ ಇರೋ ಇಲಿನಾಯ್ ರಾಜ್ಯದಲ್ಲಿ ಆಗ ಕೊಲೆಗೂ ಗಲ್ಲು ಇತ್ತು, ಹಣಕ್ಕಾಗಿ ಅಪಹರಣಕ್ಕೂ ಗಲ್ಲು ಇತ್ತು. ಮತಿಭ್ರಮಣೆ ಅಂತ ವಾದಿಸಿದ್ರೆ ಕೇಸ್ ಜ್ಯೂರಿ ಮುಂದೆ ಹೋಗತ್ತೆ, ಆ ಹನ್ನೆರಡು ಜನದಲ್ಲಿ ಯಾರಿಗೂ ಸಾವಿನ ಭಾರ ಪೂರ್ತಿ ತನ್ನದು ಅನ್ನಿಸಲ್ಲ. ಅದಕ್ಕೆ ಎರಡೂ ಆರೋಪಕ್ಕೆ ಒಟ್ಟಿಗೆ ತಪ್ಪೊಪ್ಪಿಗೆ ಕೊಡಿಸಿದ್ರು, ಒಂದರಲ್ಲಿ ತಪ್ಪಿಸಿಕೊಂಡ್ರೆ ಇನ್ನೊಂದರಲ್ಲಿ ಗಲ್ಲು ಕೇಳೋ ದಾರಿನೂ ಪ್ರಾಸಿಕ್ಯೂಷನ್‌ಗೆ ಮುಚ್ಚೋಯ್ತು, ಶಿಕ್ಷೆ ತೀರ್ಮಾನ ಜಡ್ಜ್ ಕ್ಯಾವರ್ಲಿ ಒಬ್ಬರ ಕೈಗೇ ಬಂತು. ಆಮೇಲೆ ಸುಮಾರು ಹನ್ನೆರಡು ಗಂಟೆ ವಾದ, ಮೂರು ದಿನಕ್ಕೆ ಹಂಚಿ. ಜಡ್ಜ್ ಮುಖ್ಯವಾಗಿ ವಯಸ್ಸು ನೋಡಿ ಜೀವಾವಧಿ ಜೊತೆಗೆ 99 ವರ್ಷ ಕೊಟ್ರು. ಬಿಡಿಸೋದಲ್ಲ, ಬದುಕಿಸೋದು, ಅದೇ ಅಲ್ಲಿ ಉಳಿದಿದ್ದ ಕೆಲಸ.

ಲಾ_ವಿದ್ಯಾರ್ಥಿ:
ಯಾರ ಮುಂದೆ ವಾದ ಮಾಡ್ಬೇಕು ಅನ್ನೋದೇ ಅರ್ಧ ಕೇಸು ಅಂತ ಈಗ ಅರ್ಥ ಆಯ್ತು ಸರ್, ಥ್ಯಾಂಕ್ಸ್. ಜ್ಯೂರಿ ಮುಂದೆ ಗೆದ್ದಿದ್ದೂ ಇದ್ಯಾ?

ಹಳೇ_ಕಡತ:
ಇದೆ, ಡೆಟ್ರಾಯಿಟ್‌ನ ಸ್ವೀಟ್ ಕೇಸ್. 1925ರಲ್ಲಿ ಕಪ್ಪು ಡಾಕ್ಟರ್ ಒಬ್ಬರು ಬಿಳಿಯರ ಬೀದೀಲಿ ಮನೆ ತಗೊಂಡ್ರು, ಜನ ಗುಂಪು ಕಟ್ಕೊಂಡು ಕಲ್ಲು ಹೊಡೆದ್ರು, ಒಳಗಿಂದ ಗುಂಡು ಹಾರಿ ಒಬ್ಬ ಸತ್ತ. ಹನ್ನೊಂದು ಜನದ ಮೇಲೆ ಕೊಲೆ ಕೇಸ್. ಮೊದಲ ವಿಚಾರಣೇಲಿ ತೀರ್ಪೇ ಬರಲಿಲ್ಲ. 1926ರಲ್ಲಿ ಡಾಕ್ಟರ ತಮ್ಮ ಹೆನ್ರಿ ಸ್ವೀಟ್ ಒಬ್ಬನದೇ ವಿಚಾರಣೆ ಆಯ್ತು, ಪೂರ್ತಿ ಬಿಳಿಯರೇ ಇದ್ದ ಜ್ಯೂರಿ ಅವನನ್ನ ಖುಲಾಸೆ ಮಾಡ್ತು, ಉಳಿದೋರ ಮೇಲಿನ ಕೇಸೂ ಕೈಬಿಟ್ರು. ಲಿಯೋಪೋಲ್ಡ್ ಕೇಸಿಗಿಂತ ನಂಗೆ ಇದೇ ದೊಡ್ಡದು, ಇದರ ವಾದ ಸಿಕ್ರೆ ಮೊದಲು ಓದಿ.